ಎರಡು ಉದ್ಯಾವರಗಳ ನಡುವಿನ ನಾಡು

ಕರಾವಳಿಯಲ್ಲಿ ಉದ್ಯಾವರ ಎಂಬ ಹೆಸರಿನ ಊರುಗಳು ಎರಡಿವೆ. ಉಡುಪಿಯಿಂದ ಕಾಪುವಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಹೊಳೆಯ ಸೇತುವೆಯ ಬಳಿ ಸಿಗುವ ಉದ್ಯಾವರ ಒಂದು. ಇದು ಎಲ್ಲರಿಗೂ ಗೊತ್ತಿರುವಂಥದು. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿ, ಮಂಗಳೂರು ದಾಟಿ, ನೇತ್ರಾವತಿಯ ಸೇತುವೆ ದಾಟಿ, ತಲಪಾಡಿಯ ಗಡಿಯನ್ನೂ ದಾಟಿದರೆ ಮಂಜೇಶ್ವರದ ಬಳಿ ಇನ್ನೊಂದು ಉದ್ಯಾವರ ಸಿಗುತ್ತದೆ. ಎರಡಕ್ಕೂ ಸುಮಾರು 70 ಕಿಲೋಮೀಟರ್ ಅಂತರ. ಮೊದಲನೆಯದು ಕರ್ನಾಟಕದ ಉಡುಪಿ ಜಿಲ್ಲೆಯಲ್ಲಿದ್ದರೆ ಎರಡನೆಯದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ತಲಪಾಡಿ ದಾಟಿದೊಡನೆ ಅಂಗಡಿಗಳ ಫಲಕದ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ, ಸರಕಾರಿ ಕಚೇರಿಯ ಅರ್ಜಿ ಬದಲಾಗುತ್ತದೆ. ಆದರೆ ಅಂಗಳದಲ್ಲಿ ಮಗುವನ್ನು ಕರೆಯುವ ತಾಯಿಯ ಮಾತು ಬಹುತೇಕ ಮನೆಗಳಲ್ಲಿ ಬದಲಾಗುವುದಿಲ್ಲ. ಅದು ಅಲ್ಲಿಯೂ ತುಳು, ಇಲ್ಲಿಯೂ ತುಳು.

ಹಾಗಾದರೆ ತುಳುವರ ನಾಡು ಯಾವುದು? ಎಲ್ಲಿಂದ ಎಲ್ಲಿಯವರೆಗೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ರಾಜರನ್ನು ಕೇಳುತ್ತಾರೆ. ಯಾವ ವಂಶ ಎಷ್ಟು ದೂರ ಆಳಿತು, ಶಾಸನ ಎಲ್ಲೆಲ್ಲಿ ಸಿಕ್ಕಿದೆ ಎಂದು ಲೆಕ್ಕ ಹಾಕಿ ಗೆರೆ ಎಳೆಯುತ್ತಾರೆ. ರಾಜರನ್ನು ಕೇಳುವುದು ತಪ್ಪಲ್ಲ. ಅವರು ಹೇಳುವುದು ಅವರ ರಾಜ್ಯದ ಸುದ್ದಿಯನ್ನೇ ಹೊರತು ಜನರ ನಾಡಿನ ಸುದ್ದಿಯನ್ನಲ್ಲ ಎಂಬ ಎಚ್ಚರ ಮಾತ್ರ ಬೇಕು. ಈ ಎಚ್ಚರವನ್ನು ಕಲಿಸುವುದಕ್ಕೆ ಉಡುಪಿ ಬಳಿಯ ಉದ್ಯಾವರಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಮೊದಲು ಆ ಊರಿನ ನೆಲವನ್ನು ನೋಡಿ. ಉದ್ಯಾವರ ಹೊಳೆ, ಪಾಪನಾಶಿನಿ ಎಂಬುದು ಅದರ ಇನ್ನೊಂದು ಹೆಸರು, ಪೂರ್ವದಿಂದ ಹರಿದುಬಂದು ಕಡಲಿನ ಹತ್ತಿರಕ್ಕೆ ಬಂದರೂ ನೇರವಾಗಿ ಕಡಲನ್ನು ಸೇರುವುದಿಲ್ಲ. ಮರಳಿನ ದಿಬ್ಬ ಅದನ್ನು ತಡೆಯುತ್ತದೆ. ಹೊಳೆ ಉತ್ತರಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಮಲ್ಪೆಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಪಟ್ಟಿಯೇ ಪಡುಕೆರೆ. ಪಶ್ಚಿಮದಲ್ಲಿ ಪಿತ್ರೋಡಿಯ ಮೀನುಗಾರರ ಕೇರಿಗಳು, ದಕ್ಷಿಣಕ್ಕೆ ಗುಳ್ಳ ಬದನೆಯಿಂದ ಹೆಸರಾದ ಮಟ್ಟು. ಆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಒಂದು ಬದನೆಗೆ ಸರಕಾರ ಊರಿನ ಗಡಿಯನ್ನು ಬರೆದುಕೊಟ್ಟಿದೆ. ಭಾಷೆಗೆ ಅಷ್ಟು ಸುಲಭವಾಗಿ ಯಾರೂ ಗಡಿ ಬರೆದುಕೊಡಲಾರರು.

ಹಳೆಯ ಕಾಲದ ಹಾಯಿಹಡಗುಗಳಿಗೆ ಬೇಕಾದದ್ದು ಇಂಥದೇ ಜಾಗ. ಗಾಳಿ, ಅಲೆಗಳಿಂದ ಮರೆಯಾದ ಹಿನ್ನೀರು, ಒಳನಾಡಿಗೆ ದೋಣಿಯಲ್ಲಿ ಹೋಗಲು ಹೊಳೆ, ಹಿಂದೆ ಭತ್ತ ಬೆಳೆಯುವ ಬಯಲು. ಆದ್ದರಿಂದ ಈಗ ಒಂದು ಸಾಧಾರಣ ಗ್ರಾಮವಾಗಿ ಕಾಣುವ ಈ ಊರು ಸುಮಾರು 1,200 ವರ್ಷಗಳ ಹಿಂದೆ ರಾಜಧಾನಿಯಾಗಿತ್ತು ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಶಾಸನಗಳಲ್ಲಿ ಅದರ ಹೆಸರು ಉದಯಪುರ. ಉದಯಪುರ ಜನರ ಬಾಯಲ್ಲಿ ಉದಿಯವರವಾಗಿ, ಉದ್ಯಾವರವಾಯಿತು. ಎರಡು ಸ್ವರಗಳ ನಡುವಿನ ಪಕಾರ ವಕಾರವಾಗುವುದು ಈ ಭಾಗದ ಮಾತಿನ ಜಾಯಮಾನ.

ಈ ಊರಿನ ಶಂಭುಕಲ್ಲು ದೇವಸ್ಥಾನದ ಪರಿಸರದಲ್ಲಿ ಹಳಗನ್ನಡದ ಶಿಲಾಶಾಸನಗಳ ಒಂದು ಗುಂಪೇ ಸಿಕ್ಕಿತು. ಜರ್ಮನ್ ವಿದ್ವಾಂಸ ಹುಲ್ಚ್ ಅವುಗಳನ್ನು ಓದಿ 1907–08ರ 'ಎಪಿಗ್ರಾಫಿಯಾ ಇಂಡಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ರಾಜಧಾನಿಯ ಶಾಸನಗಳೆಂದರೆ ದಿಗ್ವಿಜಯ, ದಾನಧರ್ಮ, ಬಿರುದಾವಳಿ ಇರಬೇಕೆಂದು ನಿರೀಕ್ಷಿಸುವವರಿಗೆ ಇವು ನಿರಾಸೆ ಮಾಡುತ್ತವೆ. ಇವುಗಳಲ್ಲಿ ಹಲವು ವೀರಗಲ್ಲುಗಳು. ಹೊರಗಿನ ವೈರಿಯ ಮೇಲೆ ಬಿದ್ದು ಸತ್ತವರ ಕಲ್ಲುಗಳೂ ಅಲ್ಲ. ಆಳುಪ ಮನೆತನದ ಚಿತ್ರವಾಹನ ಒಂದು ಕಡೆ, ರಣಸಾಗರ ಇನ್ನೊಂದು ಕಡೆ. ಆಮೇಲೆ ಶ್ವೇತವಾಹನನೆಂಬ ಮೂರನೆಯವನು. ಸಿಂಹಾಸನಕ್ಕಾಗಿ ಇವರು ಹೊಡೆದಾಡಿಕೊಂಡಾಗ ಉದಯಪುರವನ್ನು ಹೊಕ್ಕು ಕಾದಿ ಮಡಿದ ಆಳುಗಳ ಹೆಸರು ಆ ಕಲ್ಲುಗಳಲ್ಲಿವೆ. ಕಾಲ ಎಂಟನೆಯ ಶತಮಾನದ ಕೊನೆ, ಒಂಬತ್ತರ ಆರಂಭ ಎಂದು ವಿದ್ವಾಂಸರ ಎಣಿಕೆ. ಪೃಥ್ವೀಸಾಗರ, ವಿಜಯಾದಿತ್ಯರ ಕಾಲಕ್ಕೆ ಬಂದಮೇಲೆ ಜಗಳ ತಣ್ಣಗಾದಂತೆ ಕಾಣುತ್ತದೆ. ತುಳುನಾಡಿನ ರಾಜಧಾನಿಯೊಂದು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಅತಿ ಹಳೆಯ ದಾಖಲೆ ಒಂದು ದಾಯಾದಿ ಕಲಹದ ವರದಿ! ನಾಡಿನ ಹಿರಿಮೆಯನ್ನು ಹಾಡುವ ಭಾಷಣಕಾರರು ಈ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ.

ಆ ಆಳುಪರು ಅಥವಾ ಆಳುವರು ಯಾರು? ಕರಾವಳಿಯ ಚರಿತ್ರೆಯಲ್ಲಿ ಅವರಷ್ಟು ದೀರ್ಘಕಾಲ ಬಾಳಿದ ರಾಜವಂಶ ಇನ್ನೊಂದಿಲ್ಲ. ಗ್ರೀಕ್ ಭೂಗೋಳಕಾರ ಟಾಲೆಮಿ ಎರಡನೆಯ ಶತಮಾನದಲ್ಲಿ ಹೆಸರಿಸಿದ 'ಒಲೊಯ್ಖೊರ' ಎಂಬುದೇ ಆಳ್ವಖೇಡ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅದನ್ನು ಒಪ್ಪದೆ ಬಿಟ್ಟರೂ, ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ಅಳುಪಗಣದ ಪ್ರಸ್ತಾಪವಿದೆ. ಬಾದಾಮಿ ಚಾಲುಕ್ಯರ ಮಹಾಕೂಟದ ಸ್ತಂಭಶಾಸನ ಒಂದನೆಯ ಕೀರ್ತಿವರ್ಮ ಗೆದ್ದವರ ಪಟ್ಟಿಯಲ್ಲಿ ಆಳುಪರನ್ನು ಸೇರಿಸುತ್ತದೆ. 634ರ ಐಹೊಳೆ ಶಾಸನ ಗಂಗರೂ ಆಳುಪರೂ ಇಮ್ಮಡಿ ಪುಲಕೇಶಿಗೆ ತಲೆಬಾಗಿದರೆಂದು ಹೇಳುತ್ತದೆ. ಗೆದ್ದವರು ಆಮೇಲೆ ಬೀಗರಾದರು. ಚಾಲುಕ್ಯ ವಿಜಯಾದಿತ್ಯನ ಸೋದರಿ ಕುಂಕುಮದೇವಿಯನ್ನು ಆಳುಪ ಒಂದನೆಯ ಚಿತ್ರವಾಹನ ಮದುವೆಯಾದ. ಪುಲಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಬಸದಿ ಕಟ್ಟಿಸಿದವಳು ಅವಳೇ. ಎಂಟನೆಯ ಶತಮಾನದ ಆರಂಭದಲ್ಲಿ ವಿಜಯಾದಿತ್ಯ ಈ ಭಾವನನ್ನು ಕಾಣಲು ಬನವಾಸಿಗೆ ಬಂದಿದ್ದನೆಂದು ಶಿಗ್ಗಾವಿಯ ತಾಮ್ರಪಟ ಹೇಳುತ್ತದೆ.

ಬನವಾಸಿ! ಗಮನಿಸಬೇಕಾದದ್ದು ಇಲ್ಲಿ. ತುಳುನಾಡಿನ ಅರಸನನ್ನು ಕಾಣಲು ಚಕ್ರವರ್ತಿ ಹೋದದ್ದು ಮಂಗಳೂರಿಗೂ ಅಲ್ಲ, ಉದಯಪುರಕ್ಕೂ ಅಲ್ಲ, ಘಟ್ಟದ ಮೇಲಿನ ಬನವಾಸಿಗೆ. ಶೃಂಗೇರಿಯ ಬಳಿಯ ಕಿಗ್ಗದ ಶಾಸನಗಳೂ ಆಳುಪರ ಅಧಿಕಾರ ಕದಂಬಮಂಡಲಕ್ಕೆ, ಪೊಂಬುಚ್ಚಕ್ಕೆ, ಅಂದರೆ ಇಂದಿನ ಹುಂಚಕ್ಕೆ ಹಬ್ಬಿತ್ತೆಂದು ತೋರಿಸುತ್ತವೆ. ಇನ್ನೊಂದು ಶತಮಾನ ಕಳೆಯುವಷ್ಟರಲ್ಲಿ ಅದೇ ಆಳುಪರು ಘಟ್ಟ ಇಳಿದು, ಆಳ್ವಖೇಡ ಆರುಸಾಸಿರದ ಒಳಗೆ ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದಾರೆ. ಹಾಗಾದರೆ ತುಳುವರ ನಾಡು ಹುಂಚದವರೆಗೆ ಬೆಳೆದು ಮತ್ತೆ ಕುಗ್ಗಿತೆ? ಇಲ್ಲ. ಬೆಳೆದದ್ದೂ ಕುಗ್ಗಿದ್ದೂ ಅರಸರ ಹಿಡಿತ. ಹುಂಚದ ಗೌಡ ಆಗಲೂ ತುಳು ಮಾತಾಡಿರಲಿಕ್ಕಿಲ್ಲ.

ಇನ್ನು ಶಾಸನಗಳ ಭಾಷೆಯ ವಿಚಾರ. ಕೋಟದ ಸಮೀಪದ ವಡ್ಡರ್ಸೆಯ ಶಾಸನ ಕರಾವಳಿಯಲ್ಲಿ ದೊರೆತ ಅತಿ ಹಳೆಯ ಶಾಸನಗಳಲ್ಲಿ ಒಂದು, ಭಾಷೆ ಕನ್ನಡ. ಕಾರ್ಕಳ ತಾಲೂಕಿನ ಬೆಳ್ಮಣ್ಣಿನ ತಾಮ್ರಪಟ ಕನ್ನಡದ ಅತ್ಯಂತ ಹಳೆಯ ತಾಮ್ರಪಟವೆಂದು ಹೆಸರಾಗಿದೆ. ಉದ್ಯಾವರದ ಕಲ್ಲುಗಳೂ ಕನ್ನಡ. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ 968ರಲ್ಲಿ ಆಳುಪ ಕುಂದವರ್ಮ ಬರೆಸಿದ್ದು ಸಂಸ್ಕೃತ. ಜೋಡಿ ಮೀನಿನ ಗುರುತಿರುವ ಆಳುಪರ ಚಿನ್ನದ ನಾಣ್ಯಗಳ ಮೇಲೆ ನಾಗರಿ ಅಕ್ಷರದಲ್ಲಿರುವುದು 'ಶ್ರೀ ಪಾಂಡ್ಯ ಧನಂಜಯ'. ಆಳುಪರ ಆರಂಭಕಾಲದ ಈ ದಾಖಲೆಗಳಲ್ಲಿ ಎಲ್ಲಿಯೂ ತುಳುವಿನ ಒಂದು ಸಾಲಿಲ್ಲ.

ಈ ಕೊರತೆಯನ್ನು ಹಿಡಿದುಕೊಂಡು ಎರಡು ವಾದಗಳು ಬಹುಕಾಲದಿಂದ ನಡೆದಿವೆ. ಶಾಸನ ಕನ್ನಡದಲ್ಲಿರುವುದರಿಂದ ಇದು ಮೊದಲಿನಿಂದಲೂ ಕನ್ನಡನಾಡೇ, ತುಳು ಒಂದು ಮನೆಮಾತು ಅಷ್ಟೆ ಎಂಬುದು ಒಂದು ವಾದ. ಶಾಸನ ಬರೆಸಿದವರು ಹೊರಗಿನವರು, ಕನ್ನಡ ಹೇರಿಕೆಯಾಗಿ ಬಂತು, ತುಳುನಾಡು ಎಂದೆಂದೂ ಬೇರೆಯೇ ಎಂಬುದು ಎರಡನೆಯದು. ಉದ್ಯಾವರದ ವೀರಗಲ್ಲುಗಳು ಈ ಎರಡನ್ನೂ ಸಮರ್ಥಿಸುವುದಿಲ್ಲ. ಸಂತೆಯ ಊರಿನಲ್ಲಿ, ಸತ್ತ ಆಳಿನ ನೆನಪಿಗೆ, ಅವನ ಬಂಧುಗಳೂ ನೆರೆಯವರೂ ನೋಡಲೆಂದು ನಿಲ್ಲಿಸಿದ ಕಲ್ಲು ಅದು. ಅಲ್ಲಿ ಕನ್ನಡ ಬಳಸಿದ್ದಾರೆಂದರೆ ಅದನ್ನು ಓದಬಲ್ಲವರು, ಓದಿ ಹೇಳಬಲ್ಲವರು ಆ ಊರಲ್ಲೇ ಇದ್ದರು. ಹಾಗೆಂದು ಓದಿಸಿಕೊಂಡವನು ಮನೆಗೆ ಹೋಗಿ ಹೆಂಡತಿಯೊಂದಿಗೆ ಮಾತಾಡಿದ ಭಾಷೆ ಯಾವುದೆಂದು ಕಲ್ಲು ಹೇಳುವುದಿಲ್ಲ. ಬರೆಯುವ ಭಾಷೆ ಒಂದು, ಬದುಕುವ ಭಾಷೆ ಇನ್ನೊಂದು ಎಂಬ ಏರ್ಪಾಡು ಈ ನೆಲದಲ್ಲಿ ಸಾವಿರ ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಇಂದಿಗೂ ಉಡುಪಿಯ ಅಂಗಡಿಯಲ್ಲಿ ತುಳುವಿನಲ್ಲಿ ಚೌಕಾಶಿ ಮಾಡಿ ಕನ್ನಡದಲ್ಲಿ ಚೀಟಿ ಬರೆಯುವವರು ಹಾಗೆಯೇ ಮಾಡುತ್ತಿದ್ದಾರೆ.

ಇದು ತುಳುವರಿಗೆ ಮಾತ್ರ ಬಂದ ಪಾಡು ಎಂದು ಭಾವಿಸಬೇಕಾಗಿಲ್ಲ. ಯುರೋಪಿನ ಆಗ್ನೇಯ ಮೂಲೆಯಲ್ಲಿ ಬಲ್ಗೇರಿಯಾ ಎಂಬ ದೇಶವಿದೆ. ಉತ್ತರಕ್ಕೆ ಡಾನ್ಯೂಬ್ ನದಿ, ಪೂರ್ವಕ್ಕೆ ಕಪ್ಪು ಸಮುದ್ರ, ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಬಾಲ್ಕನ್ ಪರ್ವತದ ಸಾಲು. ಏಳನೆಯ ಶತಮಾನದಲ್ಲಿ ಕುದುರೆಯೇರಿ ಬಂದ ಬಲ್ಗಾರರೆಂಬ ತುರ್ಕಿ ಮೂಲದ ಜನ ಅಲ್ಲಿ ನೆಲೆಸಿದ್ದ ಸ್ಲಾವ್ ಬೇಸಾಯಗಾರರ ಮೇಲೆ ಆಳ್ವಿಕೆ ಸ್ಥಾಪಿಸಿದರು. 681ನ್ನು ಆ ರಾಜ್ಯದ ಹುಟ್ಟುವರ್ಷವೆಂದು ಎಣಿಸುತ್ತಾರೆ. ಅರಸರ ಮಾತು ತುರ್ಕಿ ಬಗೆಯದು, ಪ್ರಜೆಗಳ ಮಾತು ಸ್ಲಾವ್. ಅವರ ಖಾನ ಓಮುರ್ತಾಗ್ 814ರಿಂದ 831ರವರೆಗೆ ಆಳಿದವನು, ಎಂದರೆ ಹೆಚ್ಚುಕಡಿಮೆ ಉದಯಪುರದ ಕಲಹದ ಕಾಲದವನು. ಅವನು ಕಂಬಗಳ ಮೇಲೆ ಶಾಸನ ಬರೆಸಿದ್ದು ಈ ಎರಡರಲ್ಲಿ ಒಂದರಲ್ಲಿಯೂ ಅಲ್ಲ, ಗ್ರೀಕಿನಲ್ಲಿ! ಆ ಕಂಬಗಳನ್ನು ನೋಡಿ ಬಲ್ಗೇರಿಯಾ ಗ್ರೀಕರ ನಾಡೆಂದು ಇಂದು ಯಾರೂ ವಾದಿಸುವುದಿಲ್ಲ. ಮುಂದೆ ಅರಸರ ತುರ್ಕಿ ಮಾತು ಅಳಿಯಿತು, ಹೆಸರು ಉಳಿಯಿತು; ಪ್ರಜೆಗಳ ಸ್ಲಾವ್ ಮಾತಿಗೇ ಬಲ್ಗೇರಿಯನ್ ಎಂಬ ಹೆಸರಾಯಿತು.

ಅಲ್ಲಿಯ ಗಡಿಯ ಕತೆಯೂ ಕೇಳಬೇಕಾದದ್ದೇ. 1878ರ ಮಾರ್ಚ್ 3ರಂದು ಇಸ್ತಾಂಬುಲಿನ ಹೊರವಲಯದ ಸಾನ್ ಸ್ಟೆಫಾನೊದಲ್ಲಿ ರಷ್ಯಾ ಮತ್ತು ಆಟೊಮನ್ ತುರ್ಕರು ಮಾಡಿಕೊಂಡ ಒಪ್ಪಂದ ಮ್ಯಾಸಿಡೋನಿಯವೂ ಸೇರಿದ ವಿಶಾಲ ಬಲ್ಗೇರಿಯಾವನ್ನು ನಕಾಶೆಯ ಮೇಲೆ ಬರೆಯಿತು. ಐದು ತಿಂಗಳು ಕಳೆಯುವುದರೊಳಗೆ ಬರ್ಲಿನ್ನಿನಲ್ಲಿ ಸೇರಿದ ದೊಡ್ಡ ರಾಷ್ಟ್ರಗಳು ಅದನ್ನು ಹರಿದು ಹಂಚಿದವು. ಒಂದು ತುಂಡು ಸ್ವಾಯತ್ತ ಸಂಸ್ಥಾನವಾಯಿತು, ಒಂದು ತುಂಡು ತುರ್ಕರ ಪ್ರಾಂತವಾಯಿತು, ಮ್ಯಾಸಿಡೋನಿಯ ನೇರವಾಗಿ ತುರ್ಕರಿಗೇ ಮರಳಿತು. ಜಾರಿಗೇ ಬಾರದ ಆ ನಕಾಶೆಗಾಗಿ ಮುಂದೆ 1913ರಲ್ಲಿಯೂ 1915ರಲ್ಲಿಯೂ ಬಲ್ಗೇರಿಯ ಯುದ್ಧಕ್ಕಿಳಿದು ಸೋತಿತು. ಆದರೂ ಅವರ ರಾಷ್ಟ್ರೀಯ ದಿನ ಇಂದಿಗೂ ಮಾರ್ಚ್ 3.

ಕರಾವಳಿಗೆ ಮರಳೋಣ. ಶಾಸನ ಬರೆಸಿದವರನ್ನು ಬದಿಗಿಟ್ಟು ನೆಲವನ್ನೇ ಕೇಳಿದರೆ ತುಳುನಾಡು ಎಲ್ಲಿಂದ ಎಲ್ಲಿಗೆ? 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಮಲಯಾಳ ಮುಗಿದು ತುಳುವ ಆರಂಭವಾಗುವುದು ಚಂದ್ರಗಿರಿ ಹೊಳೆಯಲ್ಲಿ ಎಂದು ಬರೆದುಕೊಂಡ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ತುಳುವಿನ ಸೀಮೆ ದಕ್ಷಿಣಕ್ಕೆ ಚಂದ್ರಗಿರಿ, ಉತ್ತರಕ್ಕೆ ಕಲ್ಯಾಣಪುರದ ಹೊಳೆ ಎಂದ. ಕಲ್ಯಾಣಪುರದ ಹೊಳೆಯೆಂದರೆ ಉಡುಪಿಯ ಉತ್ತರದ ಸ್ವರ್ಣಾ ನದಿ. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು. ಇವೆರಡಕ್ಕೆ ಯಾರ ಸಾಕ್ಷಿಯೂ ಬೇಡ.

ಈ ಉತ್ತರದ ಗಡಿಯಲ್ಲಿ ಒಂದು ತೊಡಕಿದೆ. ಆಳುಪರ ಮೂರನೆಯ ದೊಡ್ಡ ರಾಜಧಾನಿ ಬಾರಕೂರು. ಮಂಗಳೂರು, ಉದ್ಯಾವರಗಳ ಬಳಿಕ ಆ ವಂಶದ ಕೊನೆಯ ವೈಭವವೆಲ್ಲ ಅಲ್ಲಿಯೇ. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿಯಾಗಿ ಹೋದ ಚಿಕ್ಕಾಯಿ ತಾಯಿ ಅಲ್ಲಿಂದಲೇ ಆಳಿದಳು. ತುಳುನಾಡಿನ ಚರಿತ್ರೆಯನ್ನು ಬಾರಕೂರಿಲ್ಲದೆ ಬರೆಯುವಂತಿಲ್ಲ. ಆದರೆ ಬಾರಕೂರು ಇರುವುದು ಸ್ವರ್ಣಾ ನದಿಯ ಉತ್ತರಕ್ಕೆ, ಸೀತಾನದಿಯ ಆಚೆ. ಅಲ್ಲಿಯ ಮನೆಮಾತು ಕುಂದಾಪುರ ಕಡೆಯ ಕನ್ನಡ. ರಾಜಧಾನಿಯೇ ಭಾಷೆಯ ಗಡಿಯ ಹೊರಗೆ ಬಿದ್ದಿದೆ! ರಾಜ್ಯದ ನಕಾಶೆ, ಭಾಷೆಯ ನಕಾಶೆಗಳನ್ನು ಒಂದರ ಮೇಲೊಂದು ಇಟ್ಟು ಸರಿಹೊಂದಿಸಲು ಹೊರಟವರು ಬಾರಕೂರಿನಲ್ಲಿ ಮುಗ್ಗರಿಸುತ್ತಾರೆ. ಭಾಷೆಗಳು ಹೊಳೆ ದಾಟುವುದಿಲ್ಲವೆಂದೇನೂ ಇಲ್ಲ. ಬ್ರಹ್ಮಾವರದ ಆಸುಪಾಸಿನಲ್ಲಿ ತುಳು, ಕುಂದಗನ್ನಡ, ಕೊಂಕಣಿ ಮೂರನ್ನೂ ಒಂದೇ ಜಗಲಿಯಲ್ಲಿ ಕೇಳಬಹುದು.

ಗೆರೆಗಳಿಗಿಂತ ಗಟ್ಟಿಯಾದ ಸಾಕ್ಷಿ ಗದ್ದೆಗಳದ್ದು. ಈ ನಾಡಿನ ಬೇಸಾಯಗಾರ ಭೂಮಿಯನ್ನು ಮೂರಾಗಿ ಎಣಿಸುತ್ತಾನೆ: ಬೈಲು, ಮಜಲು, ಬೆಟ್ಟು. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ. ಅದಕ್ಕಿಂತ ಮೇಲಿನ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಏಣೆಲು ಒಂದೇ. ಕಡಲತೀರದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ, ಅದನ್ನು ಕುಡಿದು ಕೆಳಗಿಳಿಸುವ ಮುರಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಒಸರುವ ನೀರು. ಈ ಮೂರರ ಲೆಕ್ಕವೇ ಬೈಲು, ಮಜಲು, ಬೆಟ್ಟು. ನೀರು ಹತ್ತು ಕಡೆ ಸಿಗುವುದರಿಂದ ಮನೆಗಳೂ ಹತ್ತು ಕಡೆ. ಘಟ್ಟದ ಮೇಲಿನ ಹಳ್ಳಿಗಳಂತೆ ಒಂದು ಬಾವಿಯ ಸುತ್ತ ಗುಂಪುಗೂಡಿದ ಊರು ಇಲ್ಲಿಲ್ಲ. ಒಂದೊಂದು ಮನೆ ತನ್ನ ಗದ್ದೆಯ ಅಂಚಿನಲ್ಲಿ, ತನ್ನ ತೋಟದೊಳಗೆ, ತನ್ನ ಬಾವಿಯೊಂದಿಗೆ. ಗುತ್ತು, ಬರ್ಕೆಗಳ ಅಧಿಕಾರ, ದೈವಗಳ ಮಾಗಣೆ, ಮೂಲಗೇಣಿ–ಚಾಲಗೇಣಿಗಳ ತಕರಾರು ಎಲ್ಲಕ್ಕೂ ಬುಡ ಈ ನೆಲದ ಹಂಚಿಕೆಯಲ್ಲಿದೆ. ಎರಡು ಉದ್ಯಾವರಗಳೂ ಈ ಲೆಕ್ಕದೊಳಗೇ ಬರುತ್ತವೆ. ತಲಪಾಡಿಯಲ್ಲಿ ಬೈಲಿಗೆ ಬೇರೆ ಹೆಸರಾಗುವುದಿಲ್ಲ.

ಘಟ್ಟ ಬೆನ್ನಿಗಿದ್ದ ಈ ನಾಡಿಗೆ ಮುಖ ಕಡಲಿನ ಕಡೆಗೆ. 1132ರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿ ಮಂಗಳೂರಿನಲ್ಲಿ ಬರೆದ ಪತ್ರ ಕೈರೋದ ಹಳೆಯ ಕಾಗದಪತ್ರಗಳ ರಾಶಿಯಲ್ಲಿ ಸಿಕ್ಕಿದೆ. 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಬಾರಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಕರೆದ. ಹೊರಗಿನವರಿಗೆ ಇದು ಮೆಣಸು, ಅಕ್ಕಿಯ ತೀರ. ಅವರು ಎಷ್ಟು ಕಾಲ ಇದ್ದರೂ ಈ ತೀರಕ್ಕೆ ಗಡಿ ಹಾಕಲು ಬರಲಿಲ್ಲ.

ಗಡಿ ಹಾಕಿದವರು ಕಂದಾಯ ಎತ್ತುವವರು. ವಿಜಯನಗರದ ಕಾಲದಲ್ಲಿ ಇದು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಯಿತು. ಅದೇ ವಿಜಯನಗರದಲ್ಲಿ ಕೃಷ್ಣದೇವರಾಯನ ವಂಶಕ್ಕೆ ತುಳುವ ವಂಶವೆಂದೇ ಹೆಸರು. ಆದರೆ ಹಂಪಿಯಲ್ಲಿ ತುಳುವರ ಹೆಸರಿನವರು ಆಳುವಾಗಲೂ ತುಳುನಾಡನ್ನು ನೋಡಿಕೊಂಡದ್ದು ಹಂಪಿ ಕಳುಹಿಸಿದ ಅಧಿಕಾರಿಗಳು. ಅವರ ಕೆಳಗೆ ಬಂಗರು, ಚೌಟರು, ಅಜಿಲರು, ಕಾರ್ಕಳದ ಭೈರರಸರು ತಮ್ಮ ತಮ್ಮ ಸೀಮೆ ಹಿಡಿದಿದ್ದರು. ಆಮೇಲೆ ಕೆಳದಿ, 1763ರಲ್ಲಿ ಹೈದರ್, 1799ರಲ್ಲಿ ಇಂಗ್ಲಿಷರು. ಇಂಗ್ಲಿಷರು ಕಾರವಾರದಿಂದ ಕಾಸರಗೋಡಿನವರೆಗೆ ಒಟ್ಟು ಮಾಡಿ ಕೆನರಾ ಎಂದು ಹೆಸರಿಟ್ಟರು. 1862ರಲ್ಲಿ ಅದರ ಉತ್ತರಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟು, ಕುಂದಾಪುರದಿಂದ ದಕ್ಷಿಣಕ್ಕೆ ಮದ್ರಾಸಿನಲ್ಲಿ ಉಳಿಸಿಕೊಂಡರು. ಹೀಗೆ ಹುಟ್ಟಿದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಎರಡು ಉದ್ಯಾವರಗಳೂ ಇದ್ದವು. ಇಬ್ಬರಿಗೂ ಕಲೆಕ್ಟರು ಒಬ್ಬರೇ, ಕೋರ್ಟು ಒಂದೇ.

1956ರ ನವೆಂಬರ್ 1ರಂದು ಅದು ಮುಗಿಯಿತು. ಫಜಲ್ ಅಲಿ ಅಧ್ಯಕ್ಷತೆಯ ಆಯೋಗದ ಶಿಫಾರಸಿನಂತೆ ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ತಾಲೂಕನ್ನು ಒಡೆಯುವುದು ಬೇಡವೆಂದು ನಾಡನ್ನು ಒಡೆದರು ಎಂಬುದು ಆ ಭಾಗದ ಹಿರಿಯರ ಹಳೆಯ ಸಂಕಟ. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಮನೆ ಕರ್ನಾಟಕದಲ್ಲಿರಬೇಕೆಂದು ಹಂಬಲಿಸುತ್ತಲೇ 1963ರಲ್ಲಿ ತೀರಿಕೊಂಡರು. ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಹೋರಾಡುತ್ತಾ ನೂರು ವರ್ಷ ಬಾಳಿ 2015ರಲ್ಲಿ ಕಣ್ಮುಚ್ಚಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟಿತು. ಬುಕಾನನ್ ಕಂಡ ಗೆರೆಯೂ, ಕಾಲ್ಡ್‌ವೆಲ್ ಹೇಳಿದ ಗೆರೆಯೂ ಅದೇ. ವರದಿ ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಇತ್ತ 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ತುಳು ಮಾತಾಡುವ ಜನ ಈಗ ಎರಡು ರಾಜ್ಯ, ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದ್ದಾರೆ. ಮುಂಬಯಿಯ ಲೆಕ್ಕ ಬೇರೆ.

ಗಡಿ ಹಾಕಿದ್ದರಿಂದ ಏನಾಯಿತೆಂದು ತಿಳಿಯಲು ಮಂಜೇಶ್ವರದ ಕಡೆಯ ಒಂದು ಶಾಲೆಯ ಮಗುವನ್ನು ನೆನೆದರೆ ಸಾಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನಾಳೆ ನೌಕರಿಗೆ ಅರ್ಜಿ ಹಾಕುವಾಗ ಮಲಯಾಳ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿ ಕಾಯಿದೆ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅವರಲ್ಲಿ ಬಹಳ ಮಂದಿಯ ಮನೆಮಾತು ತುಳು. ಕನ್ನಡದ ಹಕ್ಕಿಗಾಗಿ ತುಳುವರು ಹೋರಾಡುವುದು ಹೊರಗಿನವರಿಗೆ ಒಗಟಾಗಿ ಕಾಣಬಹುದು. ಉದ್ಯಾವರದ ಕಲ್ಲುಗಳನ್ನು ನೋಡಿದವರಿಗೆ ಒಗಟಲ್ಲ. ಆದರೆ ಗಡಿಯ ಇತ್ತ ಕಡೆ ನಿಂತು ಅತ್ತ ಕಡೆಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕರ್ನಾಟಕದೊಳಗೆ ತುಳುವಿಗೆ ಒಂದು ಸರಕಾರಿ ಅಕಾಡೆಮಿ ಬರಲು 1994ರವರೆಗೆ ಕಾಯಬೇಕಾಯಿತು. ಶಾಲೆಯಲ್ಲಿ ಅದನ್ನು ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ಬಂದದ್ದು 2010ರ ಸುಮಾರಿಗೆ. 2011ರ ಜನಗಣತಿಯಲ್ಲಿ 18,46,427 ಮಂದಿ ತುಳುವನ್ನು ತಾಯ್ನುಡಿಯೆಂದು ಬರೆಸಿದ್ದರೂ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಅದರ ಹೆಸರಿಲ್ಲ.

ಬರಹವೇ ಇಲ್ಲದ ಭಾಷೆ ಎಂಬ ಹಳೆಯ ತಾತ್ಸಾರವೂ ಪೂರ್ತಿ ನಿಜವಲ್ಲ. ಓಲೆಗರಿಯ ಮೇಲೆ ತುಳುಲಿಪಿಯಲ್ಲಿ ಬರೆದ ಕೃತಿಗಳು ಸಿಕ್ಕಿವೆ. ಮಲಯಾಳ ಲಿಪಿಯ ಒಡಹುಟ್ಟಾದ ಆ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿ ಕಂಪ್ಯೂಟರಿಗೂ ಬಂತು. 1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ತುಳು ನಿಘಂಟು ಅಚ್ಚು ಹಾಕಿಸಿದ. ನೂರು ವರ್ಷದ ಮೇಲೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಹೊರಬಂತು. ಆ ಸಂಪುಟಗಳಿಗೆ ಮಾತು ಸಂಗ್ರಹಿಸಿದವರು ರಾಜ್ಯದ ಗಡಿಯನ್ನು ಲೆಕ್ಕಿಸಲಿಲ್ಲ. ಪಾಡ್ದನ ಹೇಳುವ ಬಾಯಿ ಎಲ್ಲಿದೆಯೋ ಅಲ್ಲಿಗೆ ಹೋದರು. ಇದಕ್ಕೆ ಮೊದಲು ಭಾಸ್ಕರ ಆನಂದ ಸಾಲೆತೊರೆಯವರು 1936ರಲ್ಲಿ, ಪಾದೂರು ಗುರುರಾಜ ಭಟ್ಟರು 1975ರಲ್ಲಿ ತುಳುವರ ಚರಿತ್ರೆಯನ್ನು ಪುಸ್ತಕವಾಗಿ ತಂದಾಗಲೂ ಅಷ್ಟೆ. ಗುರುರಾಜ ಭಟ್ಟರು ಹಳ್ಳಿಹಳ್ಳಿ ಸುತ್ತಿ ಗುಡಿಗಳ ವಿಗ್ರಹಗಳನ್ನು ನೋಡಿದರು.

ಇನ್ನು ಮಂಜೇಶ್ವರದ ಉದ್ಯಾವರದ ಒಂದು ಮಾತು ಉಳಿದಿದೆ. ಅಲ್ಲಿ ಉದ್ಯಾವರ ಮಾಡ ಎಂಬ ಸ್ಥಳವಿದೆ. ಅರಸು ಮಂಜಿಷ್ಣಾರ್ ಎಂದು ಕರೆಯುವ ದೈವಗಳ ಕ್ಷೇತ್ರ ಅದು. ಹೆಸರಿನಲ್ಲಿಯೇ ಅರಸು. ಅದೇ ಊರಿನಲ್ಲಿ ಸಾವಿರ ಜಮಾಅತಿನ ಮಸೀದಿಯಿದೆ. ಮಾಡದ ವಾರ್ಷಿಕ ಉತ್ಸವಕ್ಕೆ ಮುನ್ನ ಒಂದು ಶುಕ್ರವಾರ, ನಮಾಜು ಮುಗಿಯುವ ಹೊತ್ತಿಗೆ, ದೈವದ ಪಾತ್ರಿಗಳು ಪರಿವಾರದೊಡನೆ ಮಸೀದಿಯ ಬಾಗಿಲಿಗೆ ಹೋಗಿ ಜಮಾಅತಿನ ಹಿರಿಯರನ್ನು ಉತ್ಸವಕ್ಕೆ ಕರೆಯುತ್ತಾರೆ. ಹಿರಿಯರು ಎದುರು ಬಂದು ಬರಮಾಡಿಕೊಳ್ಳುತ್ತಾರೆ. ಮದ್ರಾಸ್ ಸರಕಾರ ಹೋಗಿ ಕೇರಳ ಸರಕಾರ ಬಂದಮೇಲೂ ಆ ಕರೆಯ ಪದ್ಧತಿ ಬಿಟ್ಟುಹೋಗಿಲ್ಲ.